ಪುತ್ರಶೋಕವೂ ಸಾಂತ್ವನಧರ್ಮವೂ

ಮಹಾಭಾರತದ ದ್ರೋಣಪರ್ವದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಅಭಿಮನ್ಯುವಿನ ಪರಾಕ್ರಮ, ಪಾರ್ಥನ ಪ್ರತಿಜ್ಞೆ, ಸೈಂಧವವಧೆ ಇವುಗಳ ನಡುವೆ ಸಿಕ್ಕಿ ಅದು ಹರಿಕಥೆ ಪ್ರವಚನಗಳಲ್ಲಿ ಬಹುಮಟ್ಟಿಗೆ ಮರೆಯಾಗಿಬಿಡುತ್ತದೆ. ಯುದ್ಧದ ಹದಿಮೂರನೆಯ ದಿನ ಅಭಿಮನ್ಯು ಮಡಿದಿದ್ದಾನೆ. ಮರುದಿನ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲುವೆನೆಂದು ಅರ್ಜುನನು ಶಪಥ ಮಾಡಿಯಾಗಿದೆ. ಶಪಥ ಮಾಡಿದ ತಂದೆಗೆ ಮಾಡುವುದಕ್ಕೊಂದು ಕೆಲಸ ದೊರೆಯಿತು. ತಾಯಿಗೆ ಅದೂ ಇಲ್ಲ. ಅರ್ಜುನನ ಕೋರಿಕೆಯಂತೆ ಶ್ರೀಕೃಷ್ಣನು ಆ ರಾತ್ರಿ ತಂಗಿ ಸುಭದ್ರೆಯ ಬಳಿಗೆ ಹೋಗುತ್ತಾನೆ.

ಹನ್ನೆರಡು ದಿನಗಳ ಹಿಂದೆ ಗೀತೆಯನ್ನು ಬೋಧಿಸಿದವನು ಅವನೇ. ಆತ್ಮಕ್ಕೆ ಹುಟ್ಟುಸಾವುಗಳಿಲ್ಲವೆಂಬುದನ್ನು ಅವನಿಗಿಂತ ಬಲ್ಲವರು ಯಾರು? ಮೊದಲು ಅವನೂ ಮಾತನ್ನೇ ಆಡುತ್ತಾನೆ. ಹುಟ್ಟಿದವರಿಗೆಲ್ಲ ಕಾಲನು ವಿಧಿಸಿದ ಕೊನೆ ಒಂದೇ ಎಂದೂ, ಮಗನು ವೀರರಿಗೆ ಸಲ್ಲುವ ಗತಿಯನ್ನೇ ಪಡೆದನೆಂದೂ, ಶೋಕಿಸಬಾರದೆಂದೂ ಹೇಳುತ್ತಾನೆ. ಸುಭದ್ರೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮೆತ್ತನೆಯ ಹಾಸಿಗೆಯಲ್ಲಿ ಮಲಗುತ್ತಿದ್ದ ಕಂದ ಇಂದು ಬರಿಯ ನೆಲದ ಮೇಲೆ ಹೇಗೆ ಮಲಗಿರುವನೆಂದು ಹಲುಬುತ್ತಾಳೆ; ಭೀಮನ ಬಲಕ್ಕೂ ಪಾರ್ಥನ ಬಿಲ್ಲಿಗೂ ಧಿಕ್ಕಾರವೆನ್ನುತ್ತಾಳೆ. ಸಾಕ್ಷಾತ್ ಭಗವಂತನೇ ಎದುರಿಗೆ ನಿಂತು ಆಡಿದ ಮಾತು ಆ ತಾಯಿಯ ಕಿವಿಯನ್ನು ದಾಟಿ ಒಳಗೆ ಇಳಿಯಲಿಲ್ಲ. ಅಷ್ಟರಲ್ಲಿ ದ್ರೌಪದಿಯು ಉತ್ತರೆಯೊಡನೆ ಬರುತ್ತಾಳೆ. ಎಲ್ಲರೂ ಅತ್ತು ಅತ್ತು ನೆಲಕ್ಕೊರಗುತ್ತಾರೆ. ಆಗ ಕೃಷ್ಣನು ಮಾಡಿದ್ದೇನು? ನೀರು ತಂದು, ಎಚ್ಚರ ತಪ್ಪಿ ನಡುಗುತ್ತಿದ್ದ ತಂಗಿಯ ಮೇಲೆ ಚಿಮುಕಿಸಿದನು. ಅವನೂ ಬಹಳ ದುಃಖಿತನಾಗಿದ್ದನೆಂದು ವ್ಯಾಸರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನೀರು ಚಿಮುಕಿಸಿದ ಮೇಲೆ ಮತ್ತೆ ನಾಲ್ಕು ಮಾತು. ಉತ್ತರೆಯನ್ನು ನೀನು ಸಂತೈಸೆಂದು ದ್ರೌಪದಿಗೆ ಒಂದು ಕೆಲಸ.

ಗೀತಾಚಾರ್ಯನೇ ಗೀತೆಯನ್ನು ಬದಿಗಿಟ್ಟು ನೀರಿನ ಪಾತ್ರೆಯನ್ನು ಕೈಗೆತ್ತಿಕೊಂಡ ಈ ಪ್ರಸಂಗದಲ್ಲಿ ಒಂದು ಧರ್ಮಸೂಕ್ಷ್ಮ ಅಡಗಿದೆ. ತತ್ತ್ವವು ಸುಳ್ಳೆಂದು ಇದರ ಅರ್ಥವಲ್ಲ. ತತ್ತ್ವಕ್ಕೂ ಒಂದು ಹೊತ್ತುಂಟು, ಸೇವೆಗೂ ಒಂದು ಹೊತ್ತುಂಟು. ಮಗುವನ್ನು ಕಳೆದುಕೊಂಡವರ ಮನೆಯಲ್ಲಿ, ಇಲ್ಲವೆ ಕಳೆದುಕೊಳ್ಳಲಿರುವವರ ಮನೆಯಲ್ಲಿ, ಸೇವೆಯೇ ಮುಂದಾಗಿ ಹೋಗತಕ್ಕದ್ದು. ಭಾಗವತದ ಆರನೆಯ ಸ್ಕಂಧದ ಚಿತ್ರಕೇತುವಿನ ಕಥೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಅಂಗಿರಸ ಮಹರ್ಷಿಗಳು ಜ್ಞಾನವನ್ನು ಕೊಡಲೆಂದೇ ಮೊದಲು ಆ ರಾಜನ ಮನೆಗೆ ಬಂದಿದ್ದರು. ಅವನ ಮನಸ್ಸೆಲ್ಲ ಸಂತಾನದಲ್ಲಿ ನೆಟ್ಟಿರುವುದನ್ನು ಕಂಡು, ಜ್ಞಾನವನ್ನು ಚೀಲದಲ್ಲಿಯೇ ಉಳಿಸಿಕೊಂಡು, ಮಗನನ್ನು ಅನುಗ್ರಹಿಸಿ ಹೋದರು. ಆ ಮಗು ತೀರಿಕೊಂಡ ದಿನ ನಾರದರೊಡನೆ ಅವರೇ ಮತ್ತೆ ಬಂದರು. ಉಪದೇಶ ಮಾಡಲು ಬಂದವರು ಕಾಯುವುದನ್ನು ಬಲ್ಲವರಾಗಿದ್ದರು.

ಈಗಿನ ಲೋಕರೂಢಿ ಇದಕ್ಕೆ ತಲೆಕೆಳಗಾಗಿದೆಯೆಂದು ಹೇಳಿದರೆ ಯಾರೂ ಬೇಸರಪಡಬಾರದು. ಮಗುವಿಗೆ ವಾಸಿಯಾಗದ ಕಾಯಿಲೆಯೆಂದು ಗೊತ್ತಾದ ದಿನದಿಂದ ಆ ಮನೆಗೆ ಮಾತು ಬರತೊಡಗುತ್ತದೆ. ಪ್ರಾರಬ್ಧವೆನ್ನುವವರು ಕೆಲವರು, ಪೂರ್ವಜನ್ಮದ ಋಣ ತೀರಿತೆನ್ನುವವರು ಕೆಲವರು, ನಾಗದೋಷವಿರಬಹುದು, ಮನೆದೇವರಿಗೆ ಹರಕೆ ತಪ್ಪಿರಬಹುದು ಎನ್ನುವವರು ಮತ್ತೆ ಕೆಲವರು. ಕರ್ಮಸಿದ್ಧಾಂತವು ಮನುಷ್ಯನು ತನ್ನ ನಡತೆಯನ್ನು ತಾನು ತಿದ್ದಿಕೊಳ್ಳಲೆಂದು ಹಿರಿಯರು ಹಿಡಿದುಕೊಟ್ಟ ಕನ್ನಡಿ. ಅದನ್ನು ಪರರ ಮುಖಕ್ಕೆ ಹಿಡಿಯುವ ಅಧಿಕಾರವನ್ನು ಯಾವ ಶಾಸ್ತ್ರವೂ ಯಾರಿಗೂ ಕೊಟ್ಟಿಲ್ಲ. ನೋವಿನಿಂದ ನರಳುವ ಐದು ವರ್ಷದ ಕೂಸಿನ ಮುಂದೆ ನಿಂತು ಇದು ಅದರ ಕರ್ಮಫಲವೆನ್ನುವ ನಾಲಿಗೆಗೆ ಪಾಂಡಿತ್ಯವಿದ್ದೀತು, ದಯೆಯಿಲ್ಲ. ದಯೆಯನ್ನೇ ಧರ್ಮದ ಬೇರೆಂದು ಬಸವಣ್ಣನವರ ಕಾಲದಿಂದ ನಂಬಿಬಂದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಸಿಮಾಡಲಾಗದ ರೋಗದಲ್ಲಿಯೂ ನೋವನ್ನು ತಗ್ಗಿಸಿ, ರೋಗಿಯ ದೇಹ ಮನಸ್ಸುಗಳನ್ನೂ ಅವನ ಮನೆಯವರನ್ನೂ ಒಟ್ಟಾಗಿ ನೋಡಿಕೊಳ್ಳುವ ವೈದ್ಯಪದ್ಧತಿಗೆ ಇಂದು ಉಪಶಾಮಕ ಆರೈಕೆಯೆಂದು ಹೆಸರು. ಹೆಸರು ಹೊಸದಾದರೂ ಭಾವನೆ ಪೂರ್ತಿ ಹೊಸದಲ್ಲ. ಚರಕಸಂಹಿತೆಯು ಗುಣವಾಗುವ ರೋಗ, ಗುಣವಾಗದ ರೋಗ ಎಂಬ ಎರಡರ ನಡುವೆ ಯಾಪ್ಯವೆಂಬ ಒಂದು ಬಗೆಯನ್ನು ಹೇಳುತ್ತದೆ. ಬೇರುಸಹಿತ ಹೋಗದಿದ್ದರೂ ಉಪಚಾರದ ಆಸರೆಯಿಂದ ದಿನಗಳನ್ನು ಸುಖವಾಗಿ ಸಾಗಿಸಬಹುದಾದ ರೋಗವದು. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ವೈದ್ಯ, ಔಷಧ, ರೋಗಿ ಇವರೊಂದಿಗೆ ಉಪಸ್ಥಾತೃ, ಅಂದರೆ ಬಳಿಯಲ್ಲಿ ನಿಂತು ಶುಶ್ರೂಷೆ ಮಾಡುವವನನ್ನೂ ಚರಕರು ಎಣಿಸಿದ್ದಾರೆ. ಅವನಿಗೆ ಇರಬೇಕಾದ ಗುಣಗಳಲ್ಲಿ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವಗಳ ಜೊತೆಗೆ ಅನುರಾಗವೂ ಒಂದು. ವೈದ್ಯನ ಕೈ ಸೋತ ಮೇಲೂ ಈ ನಾಲ್ಕನೆಯ ಪಾದ ನಿಂತಿರುತ್ತದೆ.

ಅಂಥ ಒಬ್ಬ ಉಪಸ್ಥಾತೃವಿನ ಹೆಜ್ಜೆಗುರುತು ಚೆನ್ನೈ ನಗರದಲ್ಲಿಯೇ ಇದೆ. ಮೈಲಾಪುರದ ರಾಮಕೃಷ್ಣ ಮಠಕ್ಕೆ ಹೋಗಿಬರುವ ಕನ್ನಡಿಗರು ಸ್ವಾಮಿ ರಾಮಕೃಷ್ಣಾನಂದರ ಹೆಸರನ್ನು ಕೇಳಿಯೇ ಇರುತ್ತಾರೆ. ಶಶಿ ಮಹಾರಾಜರೆಂದು ಭಕ್ತರು ಕರೆಯುವ ಇವರು ಸ್ವಾಮಿ ವಿವೇಕಾನಂದರ ಆಣತಿಯಂತೆ 1897ರಲ್ಲಿ ಮದರಾಸಿಗೆ ಬಂದು ಮಠವನ್ನು ಸ್ಥಾಪಿಸಿದರು; ಬೆಂಗಳೂರಿನ ಬಸವನಗುಡಿಯ ಆಶ್ರಮಕ್ಕೂ ಅವರೇ ಬೀಜ ಬಿತ್ತಿದವರು. ಮದರಾಸಿಗೆ ಬರುವ ಮೊದಲು ಅವರು ಮಾಡಿದ ಮಹಾತಪಸ್ಸು ಯಾವುದು? ಶ್ರೀರಾಮಕೃಷ್ಣ ಪರಮಹಂಸರಿಗೆ ಗಂಟಲಿನ ಕ್ಯಾನ್ಸರ್ ಆಗಿದ್ದಾಗ, ಶ್ಯಾಮಪುಕುರದಲ್ಲಿಯೂ ಕಾಶೀಪುರದ ತೋಟದ ಮನೆಯಲ್ಲಿಯೂ, 1886ರ ಆಗಸ್ಟ್ 16ರಂದು ಪರಮಹಂಸರು ದೇಹ ಬಿಡುವವರೆಗೆ, ಹಗಲಿರುಳೆನ್ನದೆ ಮಾಡಿದ ಶುಶ್ರೂಷೆ. ಇತರ ಶಿಷ್ಯರು ಧ್ಯಾನಕ್ಕೆ ಕುಳಿತಾಗ ಶಶಿ ಬೀಸಣಿಗೆ ಹಿಡಿದು ಗುರುವಿನ ಪಕ್ಕದಲ್ಲಿರುತ್ತಿದ್ದರು. ಮುಂದೆ ಮದರಾಸಿನ ಬೇಸಿಗೆಯ ಸೆಕೆಯಲ್ಲಿ ಅವರು ಗರ್ಭಗುಡಿಯಲ್ಲಿ ನಿಂತು ಗುರುವಿನ ಚಿತ್ರಪಟಕ್ಕೆ ಗಾಳಿ ಬೀಸುತ್ತಿದ್ದರಂತೆ. ಹೊರಗಿನವರಿಗೆ ಅದು ಮೂಢಭಕ್ತಿಯಾಗಿ ತೋರಬಹುದು. ಸಾಯುವವರ ಹಾಸಿಗೆಯ ಬಳಿ ರಾತ್ರಿಗಳನ್ನು ಕಳೆದವರಿಗೆ ಮಾತ್ರ, ಆ ಕೈಗೆ ಬೀಸುವುದು ಏಕೆ ನಿಲ್ಲಲಿಲ್ಲವೆಂದು ಗೊತ್ತಾಗುತ್ತದೆ. 1905ರಲ್ಲಿ ಅವರ ಪ್ರೇರಣೆಯಿಂದಲೇ ಮೈಲಾಪುರದಲ್ಲಿ ದಿಕ್ಕಿಲ್ಲದ ಬಾಲಕರಿಗಾಗಿ ವಿದ್ಯಾರ್ಥಿಗೃಹವೂ ಹುಟ್ಟಿತು.

ಪರಮಹಂಸರೇ ಶೋಕವನ್ನು ಅನುಭವಿಸಿದವರು. ಅಣ್ಣ ರಾಮಕುಮಾರರ ಮಗ ಅಕ್ಷಯನು ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡವನು; ಪರಮಹಂಸರು ಎತ್ತಿ ಆಡಿಸಿದವನು. ಅವನು ಪ್ರಾಯದಲ್ಲಿ ತೀರಿಕೊಂಡಾಗ, ಒರೆಯಿಂದ ಕತ್ತಿಯನ್ನು ಎಳೆದಂತೆ ಪ್ರಾಣ ಹೊರಡುವುದನ್ನು ಅವರು ನಿಶ್ಚಲವಾಗಿ ಕಂಡರು. ಮರುದಿನವಾದರೋ ಒದ್ದೆಯ ಅಂಗವಸ್ತ್ರವನ್ನು ಹಿಂಡಿದಂತೆ ಎದೆಯನ್ನು ಯಾರೋ ಹಿಂಡುತ್ತಿರುವರೆನ್ನಿಸಿ ಅತ್ತುಬಿಟ್ಟರು. ಎಷ್ಟೋ ವರ್ಷಗಳ ಮೇಲೆ ಮಣಿಮೋಹನ ಮಲ್ಲಿಕರೆಂಬ ಭಕ್ತರು ಮಗನನ್ನು ಸ್ಮಶಾನಕ್ಕೆ ಒಪ್ಪಿಸಿ ನೇರವಾಗಿ ಅವರ ಬಳಿಗೆ ಬಂದರು. ನೆರೆದವರು ತಲೆಗೊಂದು ಸಮಾಧಾನ ಹೇಳಿದರು. ಪರಮಹಂಸರು ಮಾತ್ರ ಬಹಳ ಹೊತ್ತು ಸುಮ್ಮನೆ ಕೇಳುತ್ತ ಕುಳಿತಿದ್ದರು. ತಂದೆಯ ದುಃಖವೆಲ್ಲ ಹೊರಬಿದ್ದ ಮೇಲೆ ಎದ್ದುನಿಂತು ಹಾಡಿದರು. ಹಾಡಿನ ನಂತರ ಅಕ್ಷಯನ ಸಾವನ್ನು, ತಮ್ಮ ಎದೆ ಹಿಂಡಿದ್ದನ್ನು ಹೇಳಿಕೊಂಡರು. ಮೊದಲು ಕಿವಿ, ಆಮೇಲೆ ಹಾಡು, ಕಟ್ಟಕಡೆಗೆ ಮಾತು. ಆ ಮಾತೂ ಉಪದೇಶವಾಗಿರದೆ ಸಮದುಃಖಿಯೊಬ್ಬನ ಮಾತಾಗಿತ್ತು.

ಚೆನ್ನೈಯ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆಯ ಮೂಲದಲ್ಲಿಯೂ ಒಂದು ಮನೆಯ ಶೋಕವಿದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಂಗಿಯೊಬ್ಬಳು ಈ ರೋಗದಿಂದ ನರಳಿ 1923ರಲ್ಲಿ ತೀರಿಕೊಂಡದ್ದನ್ನು ಕಣ್ಣಾರೆ ಕಂಡವರು. ಆ ಸಂಕಟವು ಮೂರು ದಶಕಗಳ ಪ್ರಯತ್ನವಾಗಿ ಮಾರ್ಪಟ್ಟು, 1954ರಲ್ಲಿ ಹನ್ನೆರಡು ಹಾಸಿಗೆಗಳ ಪುಟ್ಟ ಆಸ್ಪತ್ರೆಯಾಯಿತು. ಮರುವರ್ಷ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ ಅವರು 2021ರಲ್ಲಿ ಕಣ್ಣುಮುಚ್ಚುವವರೆಗೂ ಆ ಅಂಗಳವನ್ನು ಬಿಡಲಿಲ್ಲ. ವಾಸಿಮಾಡುವ ಪ್ರಯತ್ನ ಅಲ್ಲಿ ಬೆಳೆದಂತೆ, ವಾಸಿಯಾಗದವರ ಆರೈಕೆಗೂ ನೆಲೆಗಳು ಬೇಕಾದುವು. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಈ ಮಾರ್ಗಕ್ಕೆ ಮೊದಲ ದೀಪ. ಮಕ್ಕಳಿಗಾಗಿಯೇ ಮೀಸಲಾದ ಮೊದಲ ಮನೆ 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ಸಿಸ್ಟರ್ ಫ್ರಾನ್ಸಿಸ್ ಡಾಮಿನಿಕ ಅವರ ಪ್ರಯತ್ನದಿಂದ ತೆರೆಯಿತು. ಭಾರತದಲ್ಲಿ 1986ರ ಮುಂಬಯಿಯ ಶಾಂತಿ ಅವೇದನಾ, ಬೆಂಗಳೂರಿನ ಕರುಣಾಶ್ರಯ, ಚೆನ್ನೈಯಲ್ಲಿ 1990ರಲ್ಲಿ ಆರಂಭವಾಗಿ ಮಣಲಿಯ ಬಳಿಯ ಮಾತೂರಿನಲ್ಲಿ ನೆಲೆಸಿದ ಜೀವೋದಯ, ಇತ್ತೀಚಿನ ವರ್ಷಗಳಲ್ಲಿ ಮಕ್ಕಳಿಗಾಗಿಯೇ ಹುಟ್ಟಿಕೊಂಡ ಗೋಲ್ಡನ್ ಬಟರ್‌ಫ್ಲೈಸ್ ಇವೆಲ್ಲ ಅದೇ ದೀಪದಿಂದ ಹಚ್ಚಿಕೊಂಡ ಹಣತೆಗಳು.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸುವುದು ಅಗತ್ಯ. ಉಪಶಾಮಕ ಆರೈಕೆಯೆಂದರೆ ಕೈಚೆಲ್ಲುವುದೆಂದು ಅನೇಕರು ತಿಳಿದಿದ್ದಾರೆ. ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಸ್ಪಷ್ಟವಾಗಿದೆ: ರೋಗವು ಗೊತ್ತಾದ ದಿನವೇ ಈ ಆರೈಕೆ ಆರಂಭವಾಗಬೇಕು; ರೋಗಕ್ಕೆ ಚಿಕಿತ್ಸೆ ನಡೆಯುತ್ತಿರಲಿ, ಇಲ್ಲದಿರಲಿ, ಅದು ಮುಂದುವರಿಯಬೇಕು. ಸಂಪನ್ನ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಆದುದರಿಂದ ಗುಣವಾಗಬಲ್ಲ ಮಗುವಿನ ಚಿಕಿತ್ಸೆಯನ್ನು ವಿಧಿಯೆಂದು ನಿಲ್ಲಿಸಿ ಊರಿಗೆ ಕರೆದೊಯ್ಯುವುದು ವೈರಾಗ್ಯವಲ್ಲ. ಹಾಗೆಯೇ, ಯಾವ ಔಷಧವೂ ಫಲಿಸದೆಂದು ನಿಶ್ಚಯವಾದ ಮೇಲೆ ಸೂಜಿ ನಳಿಗೆಗಳ ನಡುವೆ ಮಗುವಿನ ಕಡೆಯ ವಾರಗಳನ್ನು ಕಳೆಯುವಂತೆ ಮಾಡುವುದು ಪ್ರೀತಿಯ ಒಂದೇ ಗುರುತೂ ಅಲ್ಲ.

ನವರಾತ್ರಿಯಲ್ಲಿ ಮನೆಮನೆಗಳಲ್ಲಿ ದೇವೀಮಾಹಾತ್ಮ್ಯದ ಪಾರಾಯಣ ನಡೆಯುತ್ತದೆ. ಅದರ ಐದನೆಯ ಅಧ್ಯಾಯದಲ್ಲಿ ದೇವತೆಗಳು ತಾಯಿಯನ್ನು ಸರ್ವಭೂತಗಳಲ್ಲಿ ನೆಲೆಸಿದವಳೆಂದು ಸ್ತುತಿಸುವಾಗ ಅವಳಿಗೆ ಹೇಳಿದ ರೂಪಗಳನ್ನು ನಿಧಾನವಾಗಿ ಗಮನಿಸಿದವರು ಕಡಮೆ. ಶಕ್ತಿ, ಲಕ್ಷ್ಮೀ, ಬುದ್ಧಿ ಎಂಬಲ್ಲಿ ಮನಸ್ಸು ನಿಲ್ಲುತ್ತದೆ. ಹಸಿವೆಂಬಲ್ಲಿ, ನಿದ್ರೆಯೆಂಬಲ್ಲಿ ನಿಲ್ಲುವುದಿಲ್ಲ. ಜಗನ್ಮಾತೆ ನಿದ್ರೆಯ ರೂಪದಲ್ಲಿದ್ದಾಳೆಂಬ ಮಾತಿನ ಬೆಲೆಯನ್ನು, ಮೂಳೆಯ ನೋವಿನಿಂದ ಏಳು ರಾತ್ರಿ ಕಣ್ಣುಮುಚ್ಚದ ಮಗುವಿನ ತಾಯಿಯನ್ನು ಕೇಳಿ ತಿಳಿಯಬೇಕು. ಎಂಟನೆಯ ರಾತ್ರಿ ಆ ಮಗು ಮಗ್ಗುಲಾಗಿ, ಬಾಯಿ ತುಸು ತೆರೆದು, ಮೊದಲಿನಂತೆ ಮಲಗಿತೆಂದರೆ ಆ ಮನೆಗೆ ದೇವಿ ಬಂದಳೆಂದೇ ಅರ್ಥ.

ಆ ನಿದ್ರೆಯನ್ನು ತರಬಲ್ಲ ಔಷಧ ಈ ನಾಡಿನ ಹೊಲಗಳಲ್ಲಿಯೇ ಬೆಳೆಯುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿ ಪಡೆದು ಬೆಳೆಯುವ ಗಸಗಸೆಯ ಗಿಡದ ಅಫೀಮಿನಿಂದ ಮಾರ್ಫಿನ್ ತಯಾರಾಗುತ್ತದೆ. ತೀವ್ರವಾದ ನೋವಿಗೆ ಬಾಯಿಯಿಂದಲೇ ಕೊಡಬಹುದಾದ, ದುಬಾರಿಯಲ್ಲದ ಔಷಧ. ಹೀಗಿದ್ದರೂ ಮಾದಕವಸ್ತುಗಳ ತಡೆಗಾಗಿ ಬಂದ 1985ರ ಕಾನೂನಿನ ಬಿಗಿಯಲ್ಲಿ ಸಿಕ್ಕಿ, ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದಕ್ಕೇ ಹಿಂಜರಿದುವು. ಬೆಳೆದ ದೇಶದ ರೋಗಿಗಳೇ ನೋವಿನಿಂದ ಚೀರುವಂತಾಯಿತು. ಕಲ್ಲಿಕೋಟೆಯಲ್ಲಿ 1993ರಿಂದ ಈ ಕಾರ್ಯವನ್ನು ಕೈಗೊಂಡ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರ ಬಹುಕಾಲದ ಒತ್ತಾಯದ ಫಲವಾಗಿ 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಯಿತು. ಕಾನೂನು ಸಡಿಲವಾದರೂ ಮನೆಯವರ ಭಯ ಹೋಗಿಲ್ಲ. ಅಫೀಮಿನ ಹೆಸರು ಕೇಳಿದೊಡನೆ ಅಜ್ಜಿ ತಾತಂದಿರು ಬೆಚ್ಚುತ್ತಾರೆ. ಮಗು ಚಟಕ್ಕೆ ಬಿದ್ದೀತು, ಉಸಿರು ನಿಂತೀತು ಎನ್ನುತ್ತಾರೆ. ತಿಳಿದ ವೈದ್ಯರು ತೂಕ ನೋಡಿ, ಅಳತೆ ಮಾಡಿ, ಗಡಿಯಾರದ ಹೊತ್ತಿಗೆ ಸರಿಯಾಗಿ ಕೊಡಿಸಿದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಮಲಬದ್ಧತೆಗೆ ಜೊತೆಯಲ್ಲಿಯೇ ಔಷಧ ಕೊಡಬೇಕೆಂಬುದನ್ನು ಮಾತ್ರ ಮರೆಯಲಾಗದು. ನೋವು ಕೆರಳಿದ ಮೇಲೆ ಕೊಡುವುದಕ್ಕಿಂತ ಕೆರಳುವ ಮುನ್ನ ಕೊಡುವುದೇ ಅದರ ಮರ್ಮ.

ಮಕ್ಕಳು ನೋವನ್ನು ಹೇಳುವ ರೀತಿಯೇ ಬೇರೆ. ಅಳುವ ಮಗುವಿನ ನೋವು ಎಲ್ಲರಿಗೂ ಕಾಣುತ್ತದೆ. ಆಟವನ್ನು ಬಿಟ್ಟು, ಗೋಡೆಯ ಕಡೆಗೆ ತಿರುಗಿ, ಸದ್ದಿಲ್ಲದೆ ಮಲಗಿದ ಮಗುವನ್ನು ಎಷ್ಟು ಜಾಣ ಕೂಸೆಂದು ನೆಂಟರು ಹೊಗಳಿ ಹೋಗುತ್ತಾರೆ. ಅದಕ್ಕಾಗಿಯೇ ವೈದ್ಯರು ನಗುಮೊಗದಿಂದ ಅಳುಮೊಗದವರೆಗೆ ಆರು ಮುಖಗಳನ್ನು ಬರೆದ ಹಾಳೆಯನ್ನು ಮಗುವಿನ ಮುಂದೆ ಹಿಡಿದು, ಬೆರಳಿಟ್ಟು ತೋರಿಸಲು ಹೇಳುವ ಪದ್ಧತಿಯೊಂದನ್ನು ಕಂಡುಕೊಂಡಿದ್ದಾರೆ.

ಸಾವಿನ ವಿಷಯವನ್ನು ಮಗುವಿಗೆ ಹೇಳಬೇಕೆ, ಮುಚ್ಚಿಡಬೇಕೆ ಎಂಬ ಪ್ರಶ್ನೆ ಇನ್ನೂ ಕಠಿನ. ಹಿರಿಯರು ಮುಚ್ಚಿಡುವುದೇ ವಾಡಿಕೆ. ಆದರೆ ಈ ನಾಡಿನ ಶ್ರುತಿಪುರಾಣಗಳು ಮುಚ್ಚಿಟ್ಟಿಲ್ಲವೆಂಬುದು ಆಶ್ಚರ್ಯಕರ. ಕಠೋಪನಿಷತ್ತಿನ ನಚಿಕೇತನು ಬಾಲಕ. ಯಮನ ಬಾಗಿಲಲ್ಲಿ ಮೂರು ರಾತ್ರಿ ಕಾದು, ಸಾವಿನ ರಹಸ್ಯವನ್ನು ಯಮನಿಂದಲೇ ಕೇಳುತ್ತಾನೆ. ಯಮನು ಆನೆ ಕುದುರೆ ಚಿನ್ನಗಳನ್ನು ಕೊಟ್ಟು ಮಾತು ಮರೆಸಲು ನೋಡಿದರೂ ಮಗು ಮರೆಯುವುದಿಲ್ಲ. ಮಾರ್ಕಂಡೇಯನಿಗೆ ಹದಿನಾರೇ ವರ್ಷ ಆಯುಸ್ಸೆಂದು ತಿಳಿದಿದ್ದ ಮೃಕಂಡುದಂಪತಿಗಳು ಗಡುವು ಹತ್ತಿರವಾದಂತೆ ಕೊರಗುತ್ತಿದ್ದರು. ಏಕೆಂದು ಕೇಳಿದ ಮಗನಿಗೆ ನಿಜವನ್ನೇ ಹೇಳಿದರು. ಅಮೆರಿಕದ ಮೈರಾ ಬ್ಲೂಬಾಂಡ್-ಲಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳ ನಡುವೆ ಕಾಲ ಕಳೆದು 1978ರಲ್ಲಿ ಬರೆದ ಗ್ರಂಥದಲ್ಲಿ, ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ಎಲ್ಲವೂ ಗೊತ್ತಿತ್ತೆಂದು ತೋರಿಸಿದ್ದಾಳೆ. ಅಪ್ಪ ಅಮ್ಮ ನೊಂದುಕೊಳ್ಳಬಾರದೆಂದು ಮಕ್ಕಳೇ ಗೊತ್ತಿಲ್ಲದವರಂತೆ ನಟಿಸುತ್ತಿದ್ದುವಂತೆ! ಸ್ವೀಡನ್ನಿನಲ್ಲಿ ಮಕ್ಕಳನ್ನು ಕ್ಯಾನ್ಸರಿಗೆ ಕಳೆದುಕೊಂಡ ತಂದೆತಾಯಿಯರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಗುವಿನೊಡನೆ ಸಾವಿನ ಮಾತನ್ನು ಆಡಿದ್ದ 147 ಮಂದಿಯಲ್ಲಿ ಒಬ್ಬರಾದರೂ ಅದಕ್ಕಾಗಿ ಪಶ್ಚಾತ್ತಾಪಪಟ್ಟಿರಲಿಲ್ಲ. ಆಡದೆ ಉಳಿದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಆಡಬೇಕಾಗಿತ್ತೆಂದು ಕೊರಗುತ್ತಿದ್ದರು. ಕೇಳದ ಮಗುವಿನ ಕಿವಿಯಲ್ಲಿ ಭಯವನ್ನು ತುಂಬಬೇಕೆಂದು ಇದರ ಅಭಿಪ್ರಾಯವಲ್ಲ. ಕೇಳುವ ಮಗುವಿಗೆ ಸುಳ್ಳಾಡಿ, ಅದನ್ನು ತನ್ನ ಭಯದೊಡನೆ ಒಂಟಿಯಾಗಿ ಬಿಡಬಾರದು, ಅಷ್ಟೇ. ತಿರುಕಡಯೂರಿನ ಅಮೃತಘಟೇಶ್ವರನಲ್ಲಿ ಮಾರ್ಕಂಡೇಯನ ಕಥೆಯನ್ನು ನೆನೆದು ಬೇಡಿಕೊಳ್ಳುವ ತಂದೆತಾಯಿಯರ ಮೊರೆಯನ್ನು ಯಾರೂ ಹಗುರಾಗಿ ಕಾಣಲಾಗದು. ಮೊರೆಯಿಡುವುದು ಒಂದು ಕೈಯಾದರೆ ನೋವಿನ ಔಷಧವನ್ನು ಹೊತ್ತಿಗೆ ಸರಿಯಾಗಿ ಕುಡಿಸುವುದು ಇನ್ನೊಂದು ಕೈ.

ಇನ್ನು ಬಡತನದ ಮಾತು. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಓದಿದವರಿಗೆ, ಓದದಿದ್ದರೂ ಬಯಲಾಟ ನಾಟಕಗಳಲ್ಲಿ ಕಂಡವರಿಗೆ, ಲೋಹಿತಾಶ್ವನ ಹೆಣವನ್ನು ಹೊತ್ತ ಚಂದ್ರಮತಿಯನ್ನು ಸುಡುಗಾಡಿನಲ್ಲಿ ತೆರೆ ಕೇಳುವ ದೃಶ್ಯ ಮರೆಯುವಂಥದಲ್ಲ. ಸತ್ಯಪರೀಕ್ಷೆಯ ಮಹಿಮೆಯಲ್ಲಿ ಮುಳುಗಿ, ಅಲ್ಲಿ ನಿಂತವಳು ಕಾಸಿಲ್ಲದ ಒಬ್ಬ ತಾಯಿಯೆಂಬುದನ್ನು ಪ್ರೇಕ್ಷಕರು ಮರೆತುಬಿಡುತ್ತಾರೆ. ಮಗುವಿನ ಕಾಯಿಲೆಗಾಗಿ ಊರು ಬಿಟ್ಟು ಬಂದವರ ಸ್ಥಿತಿ ಅದಕ್ಕಿಂತ ಬಹಳ ಭಿನ್ನವೇನಲ್ಲ. ಹೊಸೂರು, ತಾಳವಾಡಿ ಕಡೆಯ ಕನ್ನಡದ ಮನೆಗಳವರು, ಕರ್ನಾಟಕದ ಗಡಿಜಿಲ್ಲೆಗಳವರು ಎಳುಂಬೂರಿನ ಸರಕಾರಿ ಮಕ್ಕಳ ಆಸ್ಪತ್ರೆಗೋ ಅಡ್ಯಾರಿಗೋ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಹೊಲವನ್ನೋ ಒಡವೆಯನ್ನೋ ಒತ್ತೆಯಿಟ್ಟು ಬಂದಿರುತ್ತಾರೆ; ಕೂಲಿ ತಪ್ಪಿರುತ್ತದೆ; ಊರಿನಲ್ಲಿ ಬಿಟ್ಟುಬಂದ ದೊಡ್ಡ ಮಗು ಅಜ್ಜಿಯ ಮಡಿಲಲ್ಲಿ ಕೇಳಿದ್ದನ್ನೇ ಕೇಳುತ್ತಿರುತ್ತದೆ. ಇದೆಲ್ಲದರ ಮೇಲೆ ಭಾಷೆ. ವೈದ್ಯರು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಅತ್ಯಂತ ಕಠಿನವಾದ ಸುದ್ದಿಯನ್ನು ಮೃದುವಾಗಿಯೇ ಹೇಳಿರುತ್ತಾರೆ. ಅರ್ಧ ತಿಳಿದು ಅರ್ಧ ತಿಳಿಯದೆ, ಮಿಕ್ಕ ಅರ್ಧವನ್ನು ಭಯವೇ ತುಂಬಿಕೊಳ್ಳುತ್ತದೆ. ಇರುಳಿನಲ್ಲಿ ಮಗು ನೀರು ಕೇಳುವುದು ಕನ್ನಡದಲ್ಲಿ.

ಚೆನ್ನೈಯಲ್ಲಿ ತಲೆಮಾರುಗಳಿಂದ ನೆಲೆನಿಂತ ಕನ್ನಡಿಗರಿಗೆ ಎರಡು ಭಾಷೆಯೂ ಬರುತ್ತದೆ. ಸಂಘಗಳು ರಾಜ್ಯೋತ್ಸವ, ನಾಟಕ, ಭಜನೆಗಳನ್ನು ಮೆಚ್ಚುವಂತೆ ನಡೆಸಿಕೊಂಡು ಬಂದಿವೆ. ಭಾಷೆಯ ಸೇವೆಗೆ ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕಿಂತ ಪುಣ್ಯವಾದ ವೇದಿಕೆ ದೊರೆಯುವುದು ಕಷ್ಟ. ವಾರಕ್ಕೊಮ್ಮೆ ಹೋಗಿ, ವೈದ್ಯರ ಮಾತನ್ನು ಕನ್ನಡದಲ್ಲಿಯೂ ತಾಯಿಯ ಪ್ರಶ್ನೆಯನ್ನು ತಮಿಳಿನಲ್ಲಿಯೂ ಕೂಡಿಸದೆ ಕಳೆಯದೆ ಮುಟ್ಟಿಸುವುದು. ಔಷಧದ ಹೊತ್ತನ್ನು ಕನ್ನಡ ಅಂಕಿಗಳಲ್ಲಿ ಬರೆದುಕೊಡುವುದು. ಒಂದು ಡಬ್ಬಿ ಹುಳಿಯನ್ನ ಮೊಸರನ್ನಗಳನ್ನು ಒಯ್ಯುವುದು. ತಾಯಿ ಸ್ನಾನ ಮಾಡಿ ಬರುವವರೆಗೆ, ತಂದೆ ಒಂದು ಗಂಟೆ ಕಣ್ಣುಮುಚ್ಚುವವರೆಗೆ ಮಗುವಿನ ಬಳಿ ಕುಳಿತು ಕಾಗೆ ಗುಬ್ಬಚ್ಚಿಯ ಕಥೆ ಹೇಳುವುದು. ಇದಕ್ಕೆ ವೇದಾಂತದ ವ್ಯಾಸಂಗವಾಗಲಿ ದೊಡ್ಡ ನಿಧಿಯಾಗಲಿ ಬೇಡ. ಹೋದವರು ಮುಂದಿನ ವಾರವೂ ಹೋಗಬೇಕು, ಅಷ್ಟು ಮಾತ್ರ. ಒಮ್ಮೆ ಹೋಗಿ ಹಣ್ಣಿನ ಬುಟ್ಟಿಯೊಡನೆ ಭಾವಚಿತ್ರ ತೆಗೆಸಿಕೊಂಡು ಬರುವುದು ಬೇರೆಯ ವಿಷಯ.

ಮಗು ಹೋದ ಮೇಲೆ? ಧರ್ಮಶಾಸ್ತ್ರಗಳನ್ನು ನೋಡಿದರೆ ಎರಡು ವರ್ಷ ತುಂಬದ ಶಿಶುವಿಗೆ ಅಗ್ನಿಸಂಸ್ಕಾರವಿಲ್ಲ, ಭೂಮಿಗೆ ಒಪ್ಪಿಸುತ್ತಾರೆ. ಮೂರು ತುಂಬದ ಮಗುವಿಗೆ ಉದಕಕ್ರಿಯೆಯೂ ಕಡ್ಡಾಯವಲ್ಲ. ಎಳೆಯ ಮಕ್ಕಳಿಗೆ ಆಶೌಚದ ದಿನಗಳೂ ಕಡಮೆ. ಹಿರಿಯರು ತೀರಿಕೊಂಡಾಗ ಹದಿಮೂರು ದಿನ ಜನ ಬಂದುಹೋಗುತ್ತಾರೆ, ಮಾಸಿಕವುಂಟು, ವರ್ಷಾಬ್ದಿಕವುಂಟು. ದುಃಖಕ್ಕೆ ಹಿಡಿದುಕೊಳ್ಳಲು ಒಂದೊಂದು ಕಂಬವಿರುತ್ತದೆ. ಕೂಸು ಹೋದ ಮನೆಯಲ್ಲಿ ನಾಲ್ಕನೆಯ ದಿನಕ್ಕೆ ಬಾಗಿಲು ಬರಿದಾಗುತ್ತದೆ. ಇನ್ನೊಂದು ಮಗುವಾಗುತ್ತದೆ, ಮರೆತುಬಿಡು ಎಂಬ ಬುದ್ಧಿವಾದ ಆಗಲೇ ಆರಂಭವಾಗುತ್ತದೆ. ಶಾಸ್ತ್ರವು ಕರ್ಮಾಂಗಗಳನ್ನು ಕಡಮೆ ಮಾಡಿದ್ದು ಹೋದ ಜೀವದ ದೃಷ್ಟಿಯಿಂದ: ಋಣವನ್ನೇ ಮಾಡದ ಆ ಎಳೆಯ ಜೀವಕ್ಕೆ ತೀರಿಸಿಕೊಳ್ಳಬೇಕಾದ ಕರ್ಮವಿಲ್ಲವೆಂಬ ಭಾವದಿಂದ. ಉಳಿದವರ ಸಂಕಟವೂ ಅಷ್ಟೇ ಕಿರಿದೆಂದು ಅದು ಎಲ್ಲಿಯೂ ಹೇಳಿಲ್ಲ. ವಿಧಿಗಳು ಇಲ್ಲದ ಕಡೆ ಬಂಧುಗಳೇ ವಿಧಿಯಾಗಬೇಕಾಗುತ್ತದೆ. ಹದಿಮೂರನೆಯ ದಿನ ಯಾರಾದರೂ ಹೋಗಲಿ, ತಿಂಗಳಿಗೆ ಹೋಗಲಿ, ವರ್ಷ ತುಂಬಿದ ದಿನ, ಮಗುವಿನ ಹುಟ್ಟುಹಬ್ಬದ ದಿನ ಹೋಗಲಿ. ಆ ದಿನಗಳನ್ನು ತಾಯಿಯೊಬ್ಬಳೇ ಎಣಿಸುತ್ತಿರುತ್ತಾಳೆ.

ತಂದೆಯ ಶೋಕ ಬೇರೆ ದಾರಿ ಹಿಡಿಯುತ್ತದೆ. ಅವನು ಆಸ್ಪತ್ರೆಯ ಲೆಕ್ಕ ತೀರಿಸುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಮನೆಯಲ್ಲಿ ಮೌನವಾಗಿರುತ್ತಾನೆ. ಇವನಿಗೆ ಮರುಕವೇ ಇಲ್ಲವೆಂದು ಹೆಂಡತಿಗೆ ತೋರಿಬಿಡುತ್ತದೆ. ಅನೇಕ ಮಕ್ಕಳನ್ನು ಕಳೆದುಕೊಂಡ ವರಕವಿ ಬೇಂದ್ರೆಯವರು, ಸತ್ತ ಕೂಸಿನ ಮುಂದೆ ಕುಳಿತ ಹೆಂಡತಿಯ ದೃಷ್ಟಿಯನ್ನು ಎದುರಿಸಲಾಗದ ಗಂಡನ ಬಾಯಿಂದ ಬರೆದ ಕವಿತೆ ಕನ್ನಡಿಗರೆಲ್ಲರೂ ಅರಿತದ್ದೇ. ಗಂಡಹೆಂಡಿರು ಒಂದೇ ಶೋಕವನ್ನು ಎರಡಾಗಿ ಅನುಭವಿಸುತ್ತಾರೆಂಬುದನ್ನು ತಿಳಿದ ಹಿರಿಯರೊಬ್ಬರು ಆ ಮನೆಯಲ್ಲಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತದೆ. ಉಳಿದ ಮಕ್ಕಳನ್ನಂತೂ ಎಲ್ಲರೂ ಮರೆಯುತ್ತಾರೆ. ತಮ್ಮನ ಮೇಲೆ ಸಿಟ್ಟಾಗಿ ಎಂದೋ ಸಾಯಿ ಎಂದಿದ್ದ ಅಣ್ಣನು, ತನ್ನ ಮಾತಿನಿಂದಲೇ ಹೀಗಾಯಿತೆಂದು ನಂಬಿಕೊಂಡು ಒಳಗೇ ಬೇಯುತ್ತಿರಬಹುದು. ಅವನನ್ನು ಮಡಿಲಿಗೆ ಎಳೆದುಕೊಂಡು, ಅದು ಯಾರ ಮಾತಿನಿಂದಲೂ ಬಂದ ಕಾಯಿಲೆಯಲ್ಲವೆಂದು ಬಾಯಿಬಿಟ್ಟು ಹೇಳಬೇಕು. ಒಮ್ಮೆಯಲ್ಲ, ಹಲವು ಸಲ.

ದೇವಿಯ ರೂಪಗಳಲ್ಲಿ ಸ್ಮೃತಿಯೂ ಒಂದು. ಆದರೂ ಜನರು ಹೋದ ಮಗುವಿನ ಹೆಸರನ್ನೆತ್ತಲು ಅಂಜುತ್ತಾರೆ, ತಾಯಿಗೆ ನೆನಪಾದೀತೆಂದು. ಅವಳು ಮರೆತಿದ್ದರಲ್ಲವೆ ನೆನಪಾಗುವುದು! ಹೆಸರನ್ನು ಕೇಳಿ ಅವಳು ಅತ್ತರೆ ಅದರಿಂದ ಕೇಡಿಲ್ಲ. ಆ ಹೆಸರು ಇನ್ನೂ ಒಂದು ಬಾಯಲ್ಲಿದೆಯೆಂದು ಅವಳಿಗೆ ತಿಳಿಯುತ್ತದೆ.

ಈ ಹಬ್ಬದ ದಿನಗಳಲ್ಲಿ ಅಂಥ ಮನೆಗಳಲ್ಲಿ ಗೊಂಬೆಗಳು ಪೆಟ್ಟಿಗೆಯಿಂದ ಹೊರಬಂದಿರುವುದಿಲ್ಲ. ಪಟ್ಟದ ಗೊಂಬೆಗಳ ಪಕ್ಕದಲ್ಲಿ ಮಗುವೇ ಕೈಯಾರೆ ಸಾಲಾಗಿಟ್ಟಿದ್ದ ಮಣ್ಣಿನ ಆನೆ ಕುದುರೆಗಳು, ಮರದ ಬಂಡಿ ಎಲ್ಲವೂ ಬಟ್ಟೆಯಲ್ಲಿ ಸುತ್ತಿದಂತೆಯೇ ಇರುತ್ತವೆ. ಅರಿಸಿನ ಕುಂಕುಮಕ್ಕೆ ಕರೆಯುವವರು ಆ ತಾಯಿಯ ಹೆಸರನ್ನು ಪಟ್ಟಿಯಿಂದ ಬಿಡುವುದುಂಟು. ಕೆಲವರು ಅಶುಭವೆಂದು, ಕೆಲವರು ಅವಳಿಗೆ ನೋವಾದೀತೆಂದು. ಮಾತೃರೂಪಿಣಿಯನ್ನು ಒಂಬತ್ತು ದಿನ ಪೂಜಿಸುವವರ ಮನೆಯ ಹೊಸ್ತಿಲಲ್ಲಿ ಒಬ್ಬ ತಾಯಿ ಅಶುಭವಾಗುವುದು ಹೇಗೆ? ಕರೆಯಬೇಕು, ಬರಲಾರೆನೆಂದರೆ ಬಲವಂತ ಬೇಡ. ಸಂಜೆ ಪೂಜೆ ಮುಗಿದ ಮೇಲೆ ಕೋಸಂಬರಿಯ ಒಂದು ಬಟ್ಟಲನ್ನೂ ಹೂವನ್ನೂ ಹಿಡಿದು ಅವಳ ಮನೆಗೇ ಹೋಗಿ, ಅವಳು ಪೆಟ್ಟಿಗೆಯನ್ನು ತೆರೆದು ಆ ಮರದ ಬಂಡಿಯನ್ನು ತೋರಿಸಿದರೆ ಅದನ್ನು ಕೈಗೆ ತೆಗೆದುಕೊಂಡು ನೋಡಬೇಕು.